ದೀಪಕ್ಕೆ ಎಣ್ಣೆ ಎಲ್ಲಿಂದ?

ಮನೆಯ ಜಮಾಖರ್ಚಿನ ಪುಸ್ತಕ ತೆರೆದು ಅಡಿಗೆಯ ಅನಿಲ, ವಿದ್ಯುತ್ತಿನ ಬಿಲ್ಲು, ವಾಹನದ ಪೆಟ್ರೋಲು ಈ ಮೂರು ಬಾಬುಗಳನ್ನು ಕೂಡಿಸಿ ನೋಡಿದ ಗೃಹಿಣಿಗೆ, ಸಂಸಾರದ ಆದಾಯದಲ್ಲಿ ಎಷ್ಟು ಪಾಲು ಉರಿದು ಹೋಗುತ್ತಿದೆ ಎಂಬುದು ಕೂಡಲೇ ತಿಳಿಯುತ್ತದೆ. ರಾಷ್ಟ್ರವೂ ಒಂದು ದೊಡ್ಡ ಸಂಸಾರವೇ. ಅದಕ್ಕೂ ಒಲೆ ಉರಿಯಬೇಕು, ದೀಪ ಬೆಳಗಬೇಕು, ಗಾಲಿ ತಿರುಗಬೇಕು. ಇದಕ್ಕೆ ಬೇಕಾದ ಶಕ್ತಿಯನ್ನು ತೈಲದಿಂದ ಪಡೆಯಬೇಕೆ, ಕಲ್ಲಿದ್ದಲಿನಿಂದಲೆ, ಅಣುವಿನಿಂದಲೆ ಅಥವಾ ಬಿಸಿಲು ಗಾಳಿಗಳಿಂದಲೆ ಎಂಬ ಚರ್ಚೆಯನ್ನು ನಾವು ಬಹುಕಾಲದಿಂದ ತಜ್ಞರಿಗೂ ರಾಜಕಾರಣಿಗಳಿಗೂ ಬಿಟ್ಟುಕೊಟ್ಟಿದ್ದೇವೆ. ಆದರೆ ಅವರು ಕೈಗೊಳ್ಳುವ ಪ್ರತಿಯೊಂದು ತೀರ್ಮಾನದ ಬೆಲೆಯನ್ನು ತೆರುವವರು ಯಾವುದೋ ಹಳ್ಳಿಯ, ಯಾವುದೋ ಕಣಿವೆಯ ಸಾಮಾನ್ಯ ಕುಟುಂಬದವರು. ಆದ್ದರಿಂದ ಈ ವಿಷಯವನ್ನು ಮನೆಮಂದಿಯೆಲ್ಲ ಕುಳಿತು ಆಲೋಚಿಸುವುದು ಅಗತ್ಯ.

ಪರಾವಲಂಬನೆಯ ತೈಲ

ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿಯೇ ತೈಲ ದೊರೆಯಿತು. 1974ರಲ್ಲಿ ಮುಂಬಯಿಯ ಕಡಲಿನಲ್ಲಿ ಬಾಂಬೆ ಹೈ ನಿಕ್ಷೇಪ ಪತ್ತೆಯಾದಾಗ ದೇಶ ಸ್ವಾವಲಂಬಿಯಾಗುವುದೆಂಬ ಆಸೆ ಚಿಗುರಿತು. ಆ ಆಸೆ ಈಡೇರಲಿಲ್ಲ. ಇಂದು ನಾವು ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಭಾಗ ಹೊರಗಿನಿಂದ ಬರುತ್ತದೆ. ಅಡಿಗೆಯ ಅನಿಲದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಆಮದಿನದೇ.

ಇಂತಹ ಪರಾವಲಂಬನೆಯ ಫಲವೇನೆಂಬುದನ್ನು ಇತಿಹಾಸ ಮತ್ತೆ ಮತ್ತೆ ತೋರಿಸಿದೆ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದಾಗ ಕೆಲವೇ ತಿಂಗಳುಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಏರಿದ ತೈಲದ ಬೆಲೆ, ಮೊದಲೇ ಸೊರಗಿದ್ದ ನಮ್ಮ ವಿದೇಶೀ ವಿನಿಮಯದ ಭಂಡಾರವನ್ನು ಬರಿದು ಮಾಡಿತು. 1991ರಲ್ಲಿ ದೇಶ ತನ್ನ ಚಿನ್ನವನ್ನೇ ಒತ್ತೆಯಿಡಬೇಕಾಯಿತು. ಮನೆಯೊಡತಿಯ ಮೈಮೇಲಿನ ಒಡವೆ ಅಡವಿಗೆ ಹೋದಂತೆಯೇ ಅದು.

ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ತೈಲ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆಯಲಾಗಿದೆ. ವಿಶಾಖಪಟ್ಟಣದ ಗುಹೆಯನ್ನೂ ಸೇರಿಸಿದರೆ ಒಟ್ಟು 53 ಲಕ್ಷ 30 ಸಾವಿರ ಟನ್. ಸರ್ಕಾರದ ಲೆಕ್ಕದಂತೆ ಇವೆಲ್ಲ ತುಂಬಿದ್ದರೂ ದೇಶಕ್ಕೆ ಸಾಕಾಗುವುದು ಸುಮಾರು ಒಂಬತ್ತೂವರೆ ದಿನಗಳಿಗೆ. ತೈಲ ಕಂಪನಿಗಳ ಬಳಿ ಬೇರೆ ದಾಸ್ತಾನು ಇರುತ್ತದೆಯೆಂಬುದು ನಿಜ. ಆದರೂ ಇದು ನೆಮ್ಮದಿಯ ಕಣಜವಲ್ಲ.

ಪೆಟ್ರೋಲಿಗೆ ಎಥನಾಲ್ ಬೆರೆಸುವ ಕ್ರಮ ಇದಕ್ಕೊಂದು ಉತ್ತರವೆಂದು ಬಂದಿತು. 2014ರಲ್ಲಿ ಶೇಕಡಾ ಒಂದೂವರೆಯಷ್ಟಿದ್ದ ಬೆರಕೆ 2025ರಲ್ಲಿ ಶೇಕಡಾ 20ನ್ನು ಮುಟ್ಟಿತು. ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ರೈತರಿಗೂ ಸಕ್ಕರೆ ಕಾರ್ಖಾನೆಗಳಿಗೂ ಇದರಿಂದ ಆಸರೆ ದೊರೆತಿದೆ. ಆದರೆ ಕಬ್ಬು ನೀರನ್ನು ಬೇಡುವ ಬೆಳೆ. ಎಥನಾಲಿಗೆ ಮೆಕ್ಕೆಜೋಳ, ಅಕ್ಕಿಗಳೂ ಹೋಗುತ್ತಿವೆ. ಅನ್ನ ಬೆಳೆಯುವ ನೆಲ ಎಂಜಿನ್ನಿಗೆ ಮೇವು ಬೆಳೆಯತೊಡಗಿದರೆ ಮುಂದೇನು ಎಂಬ ಪ್ರಶ್ನೆಯನ್ನು ಕೇಳದೆ ಇರಲಾಗದು.

ಕಲ್ಲಿದ್ದಲು ಮತ್ತು ಜಲಶಕ್ತಿ

2025ರ ಜೂನ್ ವೇಳೆಗೆ ನಮ್ಮ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳನ್ನು ಉರಿಸದ ಮೂಲಗಳದ್ದಾಯಿತು. ಹೆಮ್ಮೆಯ ಮಾತೇ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಒಂದು ಕಿಲೋವ್ಯಾಟಿನ ಸೌರಫಲಕ ದಿನಕ್ಕೆ ನಾಲ್ಕೈದು ಯೂನಿಟ್ ಕೊಟ್ಟರೆ ಹೆಚ್ಚು. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲಿನ ಯಂತ್ರ ಹಗಲಿರುಳು ನಡೆದರೆ 24 ಯೂನಿಟ್ ಕೊಡಬಲ್ಲದು. ಈ ಕಾರಣದಿಂದಲೇ ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಶೇಕಡಾ 70ಕ್ಕೂ ಹೆಚ್ಚು ಭಾಗ ಇನ್ನೂ ಕಲ್ಲಿದ್ದಲಿನದೇ ಆಗಿದೆ.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. 1985ರಲ್ಲಿ ಆರಂಭವಾದ ರಾಯಚೂರು ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಮೊದಲಾದ ದೂರದ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಶೇಕಡಾ 30ರಿಂದ 45ರಷ್ಟು. ಬೆಳಕು ಬೆಂಗಳೂರಿಗೆ ಹೋದರೂ ಬೂದಿ ಉಳಿಯುವುದು ಸ್ಥಾವರದ ನೆರೆಯಲ್ಲಿಯೇ. ಹೊಗೆಯಿಂದ ಕಾಯುತ್ತಿರುವ ಭೂಮಿಯ ಮಾತಂತೂ ಬೇರೆಯೇ ಇದೆ.

ಜಲವಿದ್ಯುತ್ತಿನಲ್ಲಿ ನಮ್ಮ ನಾಡು ದೇಶಕ್ಕೇ ದಾರಿ ತೋರಿಸಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ನಾಡಿನ ಕೈಗಾರಿಕೆಗೆ ಬೆನ್ನೆಲುಬಾಯಿತು. ಹೊಗೆಯಿಲ್ಲ, ಬೂದಿಯಿಲ್ಲ. ಆದರೆ ಶರಾವತಿಯ ಹಿನ್ನೀರಿನಲ್ಲಿ ಮನೆ, ತೋಟ, ಗುಡಿಗಳನ್ನು ಕಳೆದುಕೊಂಡ ಕುಟುಂಬಗಳು ನೆಲೆಸಿದ ಭೂಮಿಯ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷಗಳಾಚೆಗೂ ನಿಂತೇ ಇತ್ತು. ನಾಡಿಗೆ ದೀಪ ಕೊಟ್ಟವರ ಕಾಲಡಿಯ ನೆಲ ಅವರ ಹೆಸರಿಗೆ ಆಗದಿದ್ದರೆ ಆ ಬೆಳಕಿನಲ್ಲಿ ಏನೋ ಕೊರತೆಯಿದೆಯೆಂದೇ ಅರ್ಥ.

ಅಣುಶಕ್ತಿ: ಭರವಸೆ ಮತ್ತು ಭಯ

ಅಣುವಿದ್ಯುತ್ತಿನ ಪರವಿರೋಧಗಳನ್ನು ಕನ್ನಡಿಗರು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿಲ್ಲ. ಕೈಗಾ ನಮ್ಮ ಅಂಗಳದಲ್ಲಿಯೇ ಇದೆ. ಕಾಳಿ ನದಿಯ ಕಣಿವೆಯಲ್ಲಿ ಈ ಸ್ಥಾವರ ಬರುವುದೆಂದಾಗ ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ವಿರೋಧಕ್ಕೆ ನಿಂತರು. 1989ರಲ್ಲಿ ಲೋಕಸಭಾ ಚುನಾವಣೆಯಲ್ಲಿ ಸ್ಪರ್ಧಿಸಿ ಸೋತರು. ಇನ್ನೊಂದು ಕಡೆಗೆ ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣನವರಂತಹ ವಿಜ್ಞಾನಿಗಳು ಅಣುಶಕ್ತಿಯಿಲ್ಲದೆ ದೇಶಕ್ಕೆ ಭವಿಷ್ಯವಿಲ್ಲವೆಂದು ದೃಢವಾಗಿ ನಂಬಿದ್ದರು. ಇಬ್ಬರೂ ನಾಡಿನ ಹಿತವನ್ನೇ ಬಯಸಿದವರು.

ಮುಂದೆ ನಡೆದುದು ಎರಡು ಪಕ್ಷಗಳಿಗೂ ಆಧಾರ ಒದಗಿಸಿತು. 1994ರ ಮೇ ತಿಂಗಳಿನಲ್ಲಿ, ನಿರ್ಮಾಣ ಹಂತದಲ್ಲಿದ್ದ ರಿಯಾಕ್ಟರಿನ ಕಾಂಕ್ರೀಟ್ ಗುಮ್ಮಟದ ಒಳಭಾಗ ಕಳಚಿ ಬಿದ್ದಿತು. ಇಂಧನ ತುಂಬುವ ಮೊದಲೇ ಆದ ಅವಘಡವಾದ್ದರಿಂದ ವಿಕಿರಣದ ಹಾನಿಯಾಗಲಿಲ್ಲ. ವಿನ್ಯಾಸವನ್ನು ತಿದ್ದಿ ಕಟ್ಟಿದ ಮೇಲೆ 2000ದಲ್ಲಿ ವಿದ್ಯುತ್ ಬಂದಿತು. ಇದೇ ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನಗಳ ಕಾಲ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು. ಇಂದು ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ.

ಅಣುವಿದ್ಯುತ್ತಿನ ಗುಣಗಳು ಸ್ಪಷ್ಟ: ಹೊಗೆಯಿಲ್ಲ, ಹಗಲಿರುಳೆಂಬ ಭೇದವಿಲ್ಲ, ಸ್ವಲ್ಪ ಇಂಧನದಿಂದ ಅಪಾರ ಶಕ್ತಿ. ದೋಷಗಳೂ ಅಷ್ಟೇ ಸ್ಪಷ್ಟ: ಕಟ್ಟಲು ಬಹಳ ಹಣ, ಬಹಳ ಕಾಲ, ಸಾವಿರಾರು ವರ್ಷ ಕಾಯಬೇಕಾದ ತ್ಯಾಜ್ಯ. ಅಪಘಾತ ಅಪರೂಪವಾದರೂ ಒಮ್ಮೆ ಆದರೆ ಊರೂರುಗಳೇ ಬರಿದಾಗಬೇಕು. 1986ರ ಚೆರ್ನೋಬಿಲ್, 2011ರ ಫುಕುಶಿಮಾ ಅದನ್ನು ತೋರಿಸಿವೆ. ನೆರೆಹೊರೆಯ ದೇಶಗಳೇ ಇಲ್ಲಿ ಒಮ್ಮತಕ್ಕೆ ಬಂದಿಲ್ಲ. ಜರ್ಮನಿ 2023ರ ಏಪ್ರಿಲ್‌ನಲ್ಲಿ ತನ್ನ ಕೊನೆಯ ಮೂರು ರಿಯಾಕ್ಟರುಗಳನ್ನು ಮುಚ್ಚಿತು. ಪಕ್ಕದ ಫ್ರಾನ್ಸ್ ತನ್ನ ವಿದ್ಯುತ್ತಿನ ಸುಮಾರು ಮೂರರಲ್ಲಿ ಎರಡು ಪಾಲನ್ನು ಅಣುವಿನಿಂದಲೇ ಪಡೆಯುತ್ತಿದೆ.

ನಮ್ಮಲ್ಲಿ 1969ರಲ್ಲಿ ತಾರಾಪುರದಿಂದ ಆರಂಭವಾದ ಈ ಪ್ರಯಾಣ 2025ರ ವೇಳೆಗೆ 8,880 ಮೆಗಾವ್ಯಾಟನ್ನು ತಲುಪಿತು. ದೇಶದ ವಿದ್ಯುತ್ತಿನಲ್ಲಿ ಇದರ ಪಾಲು ಶೇಕಡಾ 3ರಷ್ಟು. 2025ರ ಮುಂಗಡಪತ್ರವು 2047ರೊಳಗೆ ಒಂದು ಲಕ್ಷ ಮೆಗಾವ್ಯಾಟಿನ ಗುರಿಯನ್ನು ಸಾರಿತು. 56 ವರ್ಷಗಳಲ್ಲಿ ಸಾಧಿಸಿದ್ದರ ಹನ್ನೊಂದು ಪಟ್ಟಿಗೂ ಮಿಕ್ಕಿದ್ದನ್ನು 22 ವರ್ಷಗಳಲ್ಲಿ ತಲುಪಬೇಕೆಂಬುದು ಇದರ ಅರ್ಥ. ಗುರಿ ದೊಡ್ಡದಿರುವುದು ತಪ್ಪಲ್ಲ. ಆದರೆ ಅವಸರಕ್ಕೆ ಸುರಕ್ಷತೆಯನ್ನು ಬಲಿಗೊಡಲಾಗದು. ಕೈಗಾದ ಗುಮ್ಮಟ ಕಲಿಸಿದ ಪಾಠ ಅದೇ.

ಬಿಸಿಲು ಮತ್ತು ಗಾಳಿ

ಸೌರವಿದ್ಯುತ್ ದುಬಾರಿಯೆಂಬ ಮಾತು ಒಂದು ಕಾಲಕ್ಕೆ ಸತ್ಯವಾಗಿತ್ತು. 2010ರ ಸುಮಾರಿನಲ್ಲಿ ಯೂನಿಟ್ಟಿಗೆ 17 ರೂಪಾಯಿಗೂ ಮೇಲಿದ್ದ ದರ, 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆಗೆ ಇಳಿಯಿತು. 2025ರ ಜನವರಿಯಲ್ಲಿ ದೇಶದ ಸೌರಸಾಮರ್ಥ್ಯ ಒಂದು ಲಕ್ಷ ಮೆಗಾವ್ಯಾಟನ್ನು ದಾಟಿತು. ಅಣುಶಕ್ತಿ 2047ಕ್ಕೆ ಮುಟ್ಟಬೇಕೆಂದಿರುವ ಅಂಕಿಯೇ ಇದು. ಆದರೆ ಮೇಲೆ ಹೇಳಿದಂತೆ, ಸಾಮರ್ಥ್ಯ ಒಂದೇ ಆದರೂ ದೊರೆಯುವ ಯೂನಿಟ್ಟುಗಳು ಒಂದೇ ಅಲ್ಲವೆಂಬುದನ್ನು ಮರೆಯಬಾರದು.

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ಎದ್ದುನಿಂತಿದೆ. ಇಲ್ಲಿ ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ, ಗುತ್ತಿಗೆಗೆ ಪಡೆಯಲಾಯಿತು. ಬರಗಾಲದಿಂದ ಬೆಂದ ಹೊಲದ ಒಡೆಯನಿಗೆ ಬಿಸಿಲೇ ಬೆಳೆಯಾಯಿತು. ಇದು ಮೆಚ್ಚತಕ್ಕ ಮಾರ್ಗ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಅಲ್ಲಿಯೇ ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ.

ಇನ್ನೊಂದು ತೊಡಕು ಸೂರ್ಯಾಸ್ತದ ನಂತರದ್ದು. ಮನೆಮನೆಯ ದೀಪ, ಟೀವಿ, ಫ್ಯಾನುಗಳು ಬೇಡುವ ಹೊತ್ತಿಗೆ ಫಲಕಗಳು ನಿದ್ರಿಸುತ್ತವೆ. ಆದ್ದರಿಂದ ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿ ಸಂಜೆ ಇಳಿಸುವ ಯೋಜನೆಗಳು ಬರುತ್ತಿವೆ. ಶರಾವತಿ ಕಣಿವೆಯ 2,000 ಮೆಗಾವ್ಯಾಟಿನ ಇಂತಹ ಪ್ರಸ್ತಾವಕ್ಕೆ ಸಿಂಗಳೀಕಗಳ ಅಭಯಾರಣ್ಯದ ಕಾರಣದಿಂದ ತೀವ್ರ ವಿರೋಧ ಬಂದಿತು. ಬಿಸಿಲು ಉಚಿತ, ಅದನ್ನು ಕೂಡಿಡುವುದು ಉಚಿತವಲ್ಲ.

ಬಿಸಿಲಿನ ವಿದ್ಯುತ್ತನ್ನು ಬಿಸಿಲಿನ ಹೊತ್ತಿನಲ್ಲಿಯೇ ಬಳಸುವ ದಾರಿಯೂ ಇದೆ. ಕರ್ನಾಟಕದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ನೀರಾವರಿ ಪಂಪುಗಳಿಗೆ ಹೋಗುತ್ತದೆ. ಹಾವುಚೇಳುಗಳ ಭಯದಲ್ಲಿ ನಡುರಾತ್ರಿ ಹೊಲಕ್ಕೆ ಹೋಗಿ ಪಂಪು ಹಾಕುವ ರೈತನ ಬವಣೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಅವನಿಗೆ ಹಗಲಿನಲ್ಲಿಯೇ ಸೌರವಿದ್ಯುತ್ ದೊರೆತರೆ ಕೂಡಿಡುವ ಖರ್ಚೂ ಉಳಿಯಿತು, ಅವನ ನಿದ್ರೆಯೂ ಉಳಿಯಿತು.

ಮರೆತುಹೋದ ಪ್ರಶ್ನೆ

ಎಲ್ಲಿಂದ ತರಬೇಕು ಎಂಬುದಕ್ಕೆ ಮೊದಲು, ಯಾವುದಕ್ಕೆ ಬೇಕು, ಎಷ್ಟು ಬೇಕು ಎಂದು ಕೇಳಬೇಕೆಂದು ಕಲಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿಯವರು. 1987ರಲ್ಲಿ ಕರ್ನಾಟಕ ಸರ್ಕಾರ ಸಿದ್ಧಪಡಿಸಿದ ದೀರ್ಘಾವಧಿ ವಿದ್ಯುತ್ ಯೋಜನೆಗೆ ಪರ್ಯಾಯವಾಗಿ ಅವರೂ ಅವರ ಸಹೋದ್ಯೋಗಿಗಳೂ 1991ರಲ್ಲಿ ಬೇರೊಂದು ಲೆಕ್ಕ ಪ್ರಕಟಿಸಿದರು. ಎಲ್ಲ ಮನೆಗಳಿಗೂ ದೀಪ ಕೊಟ್ಟು, ಒಳ್ಳೆಯ ಬಲ್ಬು, ಒಳ್ಳೆಯ ಪಂಪು, ಸೌರ ನೀರುಕಾಯಿಸುವ ಸಾಧನಗಳನ್ನು ಬಳಸಿದರೆ ಸರ್ಕಾರ ಹೇಳಿದ ವಿದ್ಯುತ್ತಿನ ಅರ್ಧಕ್ಕಿಂತ ಕಡಿಮೆ ಸಾಕು ಎಂಬುದೇ ಅದರ ಸಾರ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರ ತಂಡ ಊರಿನ ಸಗಣಿಯ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ಬೆಳಕನ್ನೂ ನಲ್ಲಿಗಳಿಗೆ ನೀರನ್ನೂ ಕೊಟ್ಟು ತೋರಿಸಿತು.

ಹಾಗೆಂದು ಮಿತವ್ಯಯದ ಉಪದೇಶವನ್ನು ಎಲ್ಲರಿಗೂ ಒಂದೇ ರೀತಿ ಮಾಡುವುದು ಅನ್ಯಾಯ. ನಮ್ಮ ದೇಶದ ತಲಾ ವಿದ್ಯುತ್ ಬಳಕೆ ವಿಶ್ವದ ಸರಾಸರಿಯ ಅರ್ಧವೂ ಇಲ್ಲ. ಒಂದೇ ದೀಪ ಉರಿಸುವ ಮನೆಗೆ ಇನ್ನಷ್ಟು ವಿದ್ಯುತ್ ಬೇಕು; ಜನರಿಲ್ಲದ ಕೋಣೆಯಲ್ಲಿ ಹವಾನಿಯಂತ್ರಕ ಓಡಿಸುವ ಮನೆಗೆ ವಿವೇಕ ಬೇಕು. ಹನಿಗೂಡಿದರೆ ಹಳ್ಳ. 2015ರಿಂದ ದೇಶದಲ್ಲಿ ಸರ್ಕಾರದ ಯೋಜನೆಯ ಮೂಲಕ ವಿತರಣೆಯಾದ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಉಳಿಸಿದ ವಿದ್ಯುತ್ತಿಗಾಗಿ ಯಾವ ಕಣಿವೆಯೂ ಮುಳುಗಬೇಕಾಗಲಿಲ್ಲ.

ಒಂದೇ ಮೂಲ ಎಲ್ಲವನ್ನೂ ನೀಗಿಸುವುದೆಂಬ ಮಾತನ್ನು, ಅದನ್ನು ಯಾರೇ ಹೇಳಲಿ, ನಂಬಬೇಕಾಗಿಲ್ಲ. ಮೊದಲು ಪೋಲನ್ನು ತಡೆಯುವುದು, ಅನಂತರ ಬಿಸಿಲು ಗಾಳಿಗಳನ್ನು ಆದಷ್ಟು ಬಳಸುವುದು, ರೈಲು ಬಸ್ಸುಗಳನ್ನು ಹೆಚ್ಚಿಸಿ ತೈಲದ ಹಸಿವನ್ನು ತಗ್ಗಿಸುವುದು, ಉಳಿದ ಕೊರತೆಗೆ ಅಣುಶಕ್ತಿಯನ್ನು ಅದರ ಲೆಕ್ಕವನ್ನೂ ಲೋಪಗಳನ್ನೂ ಜನರ ಮುಂದಿಟ್ಟು ಎಚ್ಚರದಿಂದ ಬಳಸುವುದು, ಹೀಗೆ ಕಲ್ಲಿದ್ದಲನ್ನು ಕ್ರಮಕ್ರಮವಾಗಿ ಬಿಡುವುದು: ಇದು ನಡೆಯಬಲ್ಲ ದಾರಿಯಾಗಿ ತೋರುತ್ತದೆ. ಯಾವ ದಾರಿಯನ್ನು ಹಿಡಿದರೂ, ಯೋಜನೆಯ ಕಡತಕ್ಕೆ ಸಹಿ ಬೀಳುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಈ ಬೆಳಕಿಗಾಗಿ ಮನೆ, ಹೊಲ, ಕೂಲಿಗಳನ್ನು ಬಿಟ್ಟುಕೊಡುವವರು ಯಾರು, ಅವರಿಗೆ ನಾವು ಕೊಡುವುದೇನು? ಅದಕ್ಕೆ ನೇರವಾದ ಉತ್ತರವನ್ನು ಕೊಡಬಲ್ಲ ಯೋಜನೆಯೇ ರಾಷ್ಟ್ರದ ಯೋಜನೆ.