ಬರಗಾಲದ ಮಕ್ಕಳ ಪ್ರಾರ್ಥನೆ

ಅಕ್ಕಿ ಡಬ್ಬದ ತಳ ಕಂಡು ‘ನಾಳೆ ಹೇಗಪ್ಪಾ’ ಎನ್ನಿಸಿದಾಗ ದೇವರ ಮುಂದೆ ಕೂತು ಏನು ಬೇಡುತ್ತೀರಿ? ಪಂಡಿತಾ ರಮಾಬಾಯಿ ಏನು ಬೇಡಿದರು, ಕೇಳಿ.

ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಹೆಣ್ಣುಮಗಳು ಈಕೆ. ಬರದ ಕಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡರು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡನೂ ಹೋದರು. ಕಂಕುಳಲ್ಲಿ ಹಸುಗೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು; ಬೈಗುಳಕ್ಕೇನೂ ಕಡಿಮೆಯಾಗಲಿಲ್ಲ ಅನ್ನಿ.

1896-97ರಲ್ಲಿ ಮತ್ತೆ ಬರ. ಹಸಿವು ಕಂಡವರು ಸುಮ್ಮನೆ ಕೂರುತ್ತಾರೆಯೇ? ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಅನಾಥ ಹುಡುಗಿಯರನ್ನು ಕರೆತಂದರು. ಪುಣೆ ಬಳಿಯ ಕೇಡಗಾಂವದ ‘ಮುಕ್ತಿ’ ಬೆಳೆದದ್ದು ಹೀಗೆ. 1905ರ ಆರಂಭದಲ್ಲಿ, ದಿನವೂ ಕೂಡಿ ಪ್ರಾರ್ಥಿಸಲು ಯಾರು ಬರುತ್ತೀರಿ ಎಂದರು. ಬಂದವರು ಸುಮಾರು 70. ಇಲ್ಲಿನ ಕ್ರೈಸ್ತರ ಮನಸ್ಸು ನಿಜವಾಗಿ ತಿರುಗಲಿ ಎಂಬುದೇ ಬೇಡಿಕೆ. ಜೂನ್ ಹೊತ್ತಿಗೆ ಆ 70 ನೂರಾರಾಯಿತು. ಅಳು, ತಪ್ಪೊಪ್ಪಿಗೆ, ಹಾಡು! ಬರೀ ಆವೇಶವೆಂದು ಮೂಗು ಮುರಿದವರೂ ಇದ್ದರು.

ನನಗೆ ಹಿಡಿಸಿದ್ದು ಬೇರೆ. ಹೊಲ, ಮಗ್ಗ, ಅಚ್ಚುಕೂಟ ಯಾವುದೂ ನಿಲ್ಲಲಿಲ್ಲ. ಹುಡುಗಿಯರು ತಂಡ ಕಟ್ಟಿಕೊಂಡು ಸುತ್ತಲ ಹಳ್ಳಿಗಳಿಗೂ ಹೋದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಅಚ್ಚಿನ ಕೆಲಸವೂ ಅಲ್ಲಿನ ಹೆಂಗಸರದ್ದೇ. 1921ರಲ್ಲಿ ಮಗಳು ಮನೋರಮಾ ತೀರಿಕೊಂಡಾಗಲೂ ಆ ಕೆಲಸ ಬಿಡಲಿಲ್ಲ. ಕರಡು ತಿದ್ದಿ ಮುಗಿಸಿಯೇ 1922ರ ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿದರು.