ಗುಜರಿಯಿಂದ ಮತ್ತೆ ಹಳಿಗೆ
ಸತ್ತ ಉಗಿಬಂಡಿಗೆ ಜೀವ ಕೊಡುವ ಭಾನುವಾರದ ಕೆಲಸಗಾರರು

ಭಾಲ್ಕಿ, ಕಮಲನಗರದ ಕಡೆ ವಯಸ್ಸಾದವರ ಹತ್ತಿರ ರೈಲಿನ ಮಾತು ತೆಗೆದರೆ ಕಲ್ಲಿದ್ದಲಿನ ಸುದ್ದಿ ಬರದೆ ಇರುವುದಿಲ್ಲ. ಕಿಟಕಿಗೆ ಮುಖ ಕೊಟ್ಟು ಕೂತರೆ ಕಣ್ಣಿಗೆ ಕಿಡಿಬೂದಿ ಬೀಳುತ್ತಿತ್ತು, ಬಿಳಿ ಅಂಗಿ ಊರು ಮುಟ್ಟುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಆದರೂ ಆ ಗಾಡಿಯ ಬಗ್ಗೆ ಹೇಳುವಾಗ ಅವರ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು.

ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಕಮಲನಗರ, ಉದಗೀರ್ ಹಾದು ಪರಳಿ ವೈಜನಾಥದ ಕಡೆ ಹೋಗುವ ಈ ಹಳಿ ನಿಜಾಮರ ಕಾಲದ್ದು. ಲಂಡನ್ನಿನ ಕಂಪನಿಯ ಕೈಯಲ್ಲಿದ್ದ ರೈಲ್ವೆಯನ್ನು ಹೈದರಾಬಾದ್ ಸರ್ಕಾರ 1930ರಲ್ಲಿ ಕೊಂಡುಕೊಂಡಿತು. ಬೀದರಿಗೆ ರೈಲು ಬಂದದ್ದೂ ಆ ಆಸುಪಾಸಿನಲ್ಲೇ. ಔರಾದ್ ಪಟ್ಟಣಕ್ಕೆ ಇವತ್ತಿಗೂ ರೈಲಿಲ್ಲ, ಅಲ್ಲಿಯವರು ಗಾಡಿ ಹಿಡಿಯಬೇಕೆಂದರೆ ಕಮಲನಗರಕ್ಕೋ ಭಾಲ್ಕಿಗೋ ಬರಬೇಕು. ಬೀದರ್–ಕಲಬುರಗಿ ನಡುವಿನ ಹೊಸ ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಗುವ ಹೊತ್ತಿಗೆ ಉಗಿಬಂಡಿ ದೇಶದ ನಿತ್ಯದ ಓಡಾಟದಿಂದ ಮರೆಯಾಗಿ ವರ್ಷಗಳೇ ಕಳೆದಿದ್ದವು. ಬ್ರಾಡ್‌ಗೇಜ್ ಹಳಿಯ ಮೇಲೆ ಅದರ ಕೊನೆಯ ದಿನಚರಿಯ ಓಟ ಮುಗಿದದ್ದು 1995ರ ಡಿಸೆಂಬರಿನಲ್ಲಿ, ಪಂಜಾಬಿನ ಫಿರೋಜ್‌ಪುರ–ಜಲಂಧರ್ ನಡುವೆ.

ಆಮೇಲೆ ಆ ಎಂಜಿನ್‌ಗಳು ಏನಾದವು? ಬಹುಪಾಲು ಗುಜರಿಗೆ ಹೋದವು. ಕೆಲವು ನಿಲ್ದಾಣದ ಮುಂದಿನ ಕಟ್ಟೆ ಏರಿ ಬಣ್ಣ ಬಳಿಸಿಕೊಂಡು ನಿಂತವು. ಇನ್ನು ಕೆಲವೇ ಕೆಲವು ಮತ್ತೆ ಬೆಂಕಿ ಕಂಡವು. ಜಗತ್ತಿನ ಹಲವು ಕಡೆ ಈ ಮೂರನೆಯ ಬಗೆಯ ಎಂಜಿನ್‌ಗಳ ಹಿಂದೆ ಒಂದು ವಿಚಿತ್ರ ಬಳಗವಿದೆ. ವಾರವೆಲ್ಲ ಶಾಲೆಯಲ್ಲಿ ಪಾಠ ಹೇಳಿ, ಬ್ಯಾಂಕಿನಲ್ಲಿ ಲೆಕ್ಕ ಬರೆದು, ಭಾನುವಾರ ಬಂದರೆ ಎಣ್ಣೆಮೆತ್ತಿದ ಬಟ್ಟೆ ತೊಟ್ಟು, ಬಿಡಿಗಾಸು ಪಡೆಯದೆ ಬಾಯ್ಲರ್‌ನೊಳಗೆ ತೂರಿಕೊಳ್ಳುವವರು ಇವರು.

ಹೋಟೆಲಿನಲ್ಲಿ ಸೇರಿದ ಸಭೆ

ಈ ಪರಿಪಾಠ ಶುರುವಾದದ್ದು ಬ್ರಿಟನ್ನಿನ ವೇಲ್ಸ್‌ನಲ್ಲಿ. ಗುಡ್ಡದ ಮೇಲಿನ ಸ್ಲೇಟುಕಲ್ಲಿನ ಗಣಿಯಿಂದ ಕಡಲತೀರದ ಪಟ್ಟಣಕ್ಕೆ ಕಲ್ಲು ಸಾಗಿಸಲು 1860ರ ದಶಕದಲ್ಲಿ ಹಾಕಿದ ಟಾಲಿಲಿನ್ ರೈಲ್ವೆ ಎಂಬ ಪುಟ್ಟ ಮಾರ್ಗ ಅಲ್ಲಿತ್ತು. ಹಳಿಗಳ ನಡುವಿನ ಅಂತರ ಬರೀ 27 ಅಂಗುಲ. ಗಣಿ ಮುಚ್ಚಿದ ಮೇಲೂ ಅದನ್ನು ಹೇಗೋ ನಡೆಸಿಕೊಂಡು ಬಂದಿದ್ದ ಮಾಲೀಕ ಹೆನ್ರಿ ಹೇಡನ್ ಜೋನ್ಸ್ 1950ರಲ್ಲಿ ತೀರಿಕೊಂಡರು. ಇನ್ನು ಹಳಿ ಕೀಳುವುದೊಂದೇ ಬಾಕಿ ಎಂದು ಎಲ್ಲರೂ ಅಂದುಕೊಂಡಿದ್ದರು.

ಲೇಖಕ ಟಾಮ್ ರೋಲ್ಟ್ ಮತ್ತು ಗೆಳೆಯರು ಹಾಗೆ ಅಂದುಕೊಳ್ಳಲಿಲ್ಲ. 1950ರ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮಿನ ಹೋಟೆಲೊಂದರಲ್ಲಿ ಆಸಕ್ತರ ಸಭೆ ಕರೆದರು. ರೈಲ್ವೆ ಎಂದರೆ ಸರ್ಕಾರದ್ದೋ ಕಂಪನಿಯದ್ದೋ ಎಂದು ಗೊತ್ತಿದ್ದ ಕಾಲದಲ್ಲಿ, ಪ್ರಯಾಣಿಕರೇ ಸೇರಿ ಅದನ್ನು ನಡೆಸುತ್ತೇವೆ ಎಂದಾಗ ನಕ್ಕವರೂ ಇದ್ದಿರಬೇಕು. ಮರುವರ್ಷ ಮೇ ತಿಂಗಳಲ್ಲಿ ಸ್ವಯಂಸೇವಕರ ಗಾಡಿ ಹೊರಟಿತು. ಆಗ ನಂಬಬಹುದಾದ ಎಂಜಿನ್ ಇದ್ದದ್ದು ಒಂದೇ, 1866ರಲ್ಲಿ ತಯಾರಾದ ‘ಡೊಲ್ಗೊಕ್’. ಹಳಿಗಳ ನಡುವೆ ಹುಲ್ಲು ಬೆಳೆದಿತ್ತು. ಆ ಹುಲ್ಲು ಕೀಳುವ, ಸ್ಲೀಪರ್ ಬದಲಿಸುವ, ಟಿಕೆಟ್ ಹರಿಯುವ ಕೆಲಸಕ್ಕೆಲ್ಲ ಊರೂರಿನಿಂದ ಜನ ಬಂದರು. ಮಕ್ಕಳ ಅಚ್ಚುಮೆಚ್ಚಿನ ‘ಥಾಮಸ್’ ಎಂಜಿನ್ನಿನ ಕತೆ ಬರೆದ ಪಾದ್ರಿ ಡಬ್ಲ್ಯೂ. ಆಡ್ರಿ ಕೂಡ ಇಲ್ಲಿ ಗಾರ್ಡ್ ಆಗಿ ದುಡಿದವರು. ಟಾಲಿಲಿನ್ ಇಂದಿಗೂ ಓಡುತ್ತಿದೆ. ಅದನ್ನು ನೋಡಿ ಅದೇ ದಾರಿ ಹಿಡಿದ ರೈಲ್ವೆಗಳು ಜಗತ್ತಿನ ಹಲವು ಕಡೆ ಇವೆ.

ಬ್ರಿಟನ್ನಿನ ಇಂಥ ರೈಲ್ವೆಗಳಿಗೆ ಎಂಜಿನ್‌ಗಳು ಬಂದದ್ದೆಲ್ಲಿಂದ ಎಂಬುದೂ ಸ್ವಾರಸ್ಯದ ಸಂಗತಿ. ಬ್ರಿಟಿಷ್ ರೈಲ್ವೆ 1968ರಲ್ಲಿ ಮುಖ್ಯ ಮಾರ್ಗಗಳಲ್ಲಿ ಉಗಿಗೆ ವಿದಾಯ ಹೇಳಿತು. ಅದಕ್ಕೂ ಮುಂಚಿನಿಂದಲೇ ವೇಲ್ಸ್‌ನ ಬ್ಯಾರಿ ಎಂಬ ಬಂದರು ಪಟ್ಟಣದ ಗುಜರಿ ವ್ಯಾಪಾರಿ ಡೈ ವುಡ್‌ಹ್ಯಾಮ್ ಹಳೆಯ ಎಂಜಿನ್‌ಗಳನ್ನು ಖರೀದಿಸುತ್ತಿದ್ದ. ಒಟ್ಟು 297 ಎಂಜಿನ್ ಅವನ ಅಂಗಳಕ್ಕೆ ಬಂದವು. ಆದರೆ ಸರಕು ಬೋಗಿಗಳನ್ನು ಕತ್ತರಿಸುವುದು ಸಲೀಸು, ಲಾಭವೂ ಬೇಗ. ಹಾಗಾಗಿ ಅವನು ಮೊದಲು ಬೋಗಿಗಳಿಗೆ ಕೈಹಾಕಿದ, ಎಂಜಿನ್‌ಗಳನ್ನು ‘ಆಮೇಲೆ ನೋಡೋಣ’ ಎಂದು ಬಿಟ್ಟ. ಆ ‘ಆಮೇಲೆ’ ಇಪ್ಪತ್ತು ವರ್ಷ ಎಳೆಯಿತು. ಅಷ್ಟರಲ್ಲಿ ಚಂದಾ ಎತ್ತಿ ಒಂದೊಂದಾಗಿ ಕೊಂಡೊಯ್ದ ಹವ್ಯಾಸಿಗಳು 213 ಎಂಜಿನ್‌ಗಳನ್ನು ಕಟರ್‌ನಿಂದ ಪಾರುಮಾಡಿದರು. ವ್ಯಾಪಾರಿಯ ಲೆಕ್ಕಾಚಾರವೇ ಪರಂಪರೆಗೆ ಉಪಕಾರವಾದ ಪ್ರಸಂಗ ಇದು.

ಸುತ್ತಿಗೆಗೆ ಕಿವಿಗೊಟ್ಟು

ಗುಜರಿಯಿಂದ ಬಂದ ಎಂಜಿನ್ನಿನ ತಾಮ್ರ, ಹಿತ್ತಾಳೆಯ ಭಾಗಗಳೆಲ್ಲ ಮೊದಲೇ ಮಾಯವಾಗಿರುತ್ತವೆ. ಮಳೆಗೆ ನಿಂತ ಉಕ್ಕು ಪದರ ಪದರವಾಗಿ ಎದ್ದಿರುತ್ತದೆ. ಮೊದಲ ಕೆಲಸ ಬಿಚ್ಚುವುದು. ಪ್ರತಿ ತುಂಡಿಗೂ ನಂಬರಿನ ಚೀಟಿ ಕಟ್ಟಿ, ಫೋಟೊ ತೆಗೆದು ಇಡಬೇಕು. ಇವತ್ತು ಬಿಚ್ಚಿದ ಬೋಲ್ಟನ್ನು ಜೋಡಿಸುವುದು ಇನ್ನೈದು ವರ್ಷಕ್ಕೋ ಹತ್ತು ವರ್ಷಕ್ಕೋ. ಆಗ ಜೋಡಿಸುವವರು ಬೇರೆಯವರೇ ಆಗಿರಬಹುದು.

ಎಲ್ಲಕ್ಕಿಂತ ಕಠಿಣ ಬಾಯ್ಲರ್. ಅದರ ಹಿಂಬದಿಗೆ ಫೈರ್‌ಬಾಕ್ಸ್, ಅಂದರೆ ಕಲ್ಲಿದ್ದಲು ಉರಿಯುವ ಪೆಟ್ಟಿಗೆ. ಅಲ್ಲಿಂದ ಹೊರಟ ಬಿಸಿಗಾಳಿ ಉದ್ದಕ್ಕೂ ಜೋಡಿಸಿದ ಟ್ಯೂಬುಗಳೊಳಗೆ ಹಾದು ಚಿಮಣಿ ಸೇರುತ್ತದೆ, ಟ್ಯೂಬುಗಳ ಸುತ್ತ ತುಂಬಿದ ನೀರು ಕುದಿದು ಉಗಿಯಾಗುತ್ತದೆ. ಉಗಿಯ ಒತ್ತಡ ಚದರ ಅಂಗುಲಕ್ಕೆ 150 ಪೌಂಡ್ ಎಂದುಕೊಳ್ಳೋಣ. ಅಂದರೆ ಒಂದು ಅಂಚೆಚೀಟಿಯಷ್ಟು ಜಾಗದ ಮೇಲೆ ಒಬ್ಬ ಆಳು ನಿಂತಷ್ಟು ಭಾರ. ಫೈರ್‌ಬಾಕ್ಸಿನ ಗೋಡೆ ಚಪ್ಪಟೆ ತಗಡಿನದು, ಅಷ್ಟು ಒತ್ತಡಕ್ಕೆ ಅದು ಉಬ್ಬಿ ಸೀಳಿಹೋಗಬೇಕು. ಹಾಗಾಗದಂತೆ ಒಳಗೋಡೆ ಹೊರಗೋಡೆ ಎರಡನ್ನೂ ನೂರಾರು ‘ಸ್ಟೇ’ಗಳು ಹಿಡಿದಿಟ್ಟಿರುತ್ತವೆ. ಬೆರಳು ಗಾತ್ರದ ಈ ಸರಳುಗಳಲ್ಲಿ ಒಂದು ಮುರಿದರೆ ಅಕ್ಕಪಕ್ಕದವುಗಳ ಮೇಲೆ ಹೊರೆ ಬೀಳುತ್ತದೆ, ಅವೂ ಮುರಿಯತೊಡಗುತ್ತವೆ.

ಮುರಿದದ್ದು ಗೊತ್ತಾಗುವುದು ಹೇಗೆ? ಗೋಡೆಗಳ ನಡುವೆ ಇಣುಕಲು ಜಾಗವಿಲ್ಲ. ಅನುಭವಿ ಬಾಯ್ಲರ್ ಕೆಲಸಗಾರ ಫೈರ್‌ಬಾಕ್ಸಿನೊಳಗೆ ಕೂತು ಒಂದೊಂದು ಸ್ಟೇ ತಲೆಗೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾನೆ. ಗಟ್ಟಿಯಾಗಿರುವುದು ಠಣ್ ಎನ್ನುತ್ತದೆ, ಮುರಿದದ್ದು ಮಂಕಾಗಿ ಸದ್ದು ಕೊಡುತ್ತದೆ. ಈಗ ಅಲ್ಟ್ರಾಸೌಂಡ್ ಯಂತ್ರ ಬಂದಿದೆ, ತಗಡಿನ ದಪ್ಪವನ್ನು ಅದು ಮಿಲಿಮೀಟರಿನ ಲೆಕ್ಕದಲ್ಲಿ ಹೇಳುತ್ತದೆ. ಆದರೂ ಸುತ್ತಿಗೆಯನ್ನು ಯಾರೂ ಮೂಲೆಗೆ ಹಾಕಿಲ್ಲ. ಕಿವಿಯನ್ನು ಹೀಗೆ ಪಳಗಿಸಲು ಪುಸ್ತಕ ಸಾಲದು, ತಟ್ಟಿ ಗೊತ್ತಿದ್ದವರ ಪಕ್ಕ ಕೂರಬೇಕು.

ಬೇರಿಂಗ್ ಕೆಲಸವೂ ಇಂಥದ್ದೇ. ಚಕ್ರದ ಅಚ್ಚಿಗೆ ತೆಳ್ಳಗೆ ನೀಲಿ ಬಳಿಯುತ್ತಾರೆ, ಬೇರಿಂಗ್ ಕೂರಿಸಿ ತಿರುಗಿಸಿ ತೆಗೆಯುತ್ತಾರೆ. ನೀಲಿ ಹತ್ತಿದ ಕಡೆ ಲೋಹ ಉಬ್ಬಿದೆ ಎಂದರ್ಥ. ಅಷ್ಟನ್ನು ಕೈಯಿಂದ ಹೆರೆಯಬೇಕು. ಮತ್ತೆ ನೀಲಿ, ಮತ್ತೆ ತಿರುಗಿಸುವುದು, ಮತ್ತೆ ಹೆರೆಯುವುದು. ಮೈಯೆಲ್ಲ ಸಮನಾಗಿ ನೀಲಿ ಹತ್ತುವ ತನಕ ಬಿಡುವಂತಿಲ್ಲ. ಅವಸರ ಮಾಡಿದರೆ ಬೇರಿಂಗ್ ಓಟದಲ್ಲಿ ಕಾದು ಕರಗುತ್ತದೆ.

ಜೋಡಿಸಿದ ಬಾಯ್ಲರಿಗೆ ಮೊದಲು ಉಗಿ ತುಂಬುವುದಿಲ್ಲ, ನೀರು ತುಂಬಿ ಪಂಪಿನಿಂದ ಮಾಮೂಲಿಗಿಂತ ಹೆಚ್ಚು ಒತ್ತಡ ಕೊಡುತ್ತಾರೆ. ನೀರು ಉಗಿಯಂತೆ ಹಿಗ್ಗಿ ಸಿಡಿಯುವುದಿಲ್ಲ, ದೋಷವಿದ್ದರೆ ಬರೀ ಸೋರುತ್ತದೆ. ಅದರಲ್ಲಿ ಪಾಸಾದ ಮೇಲಷ್ಟೇ ಬೆಂಕಿ. ತಣ್ಣಗಿನ ಎಂಜಿನ್ನಿಗೆ ಕಟ್ಟಿಗೆ ಇಟ್ಟು ನಿಧಾನಕ್ಕೆ ಕಾಯಿಸಬೇಕು, ಒಮ್ಮೆಲೇ ಉರಿ ಹಾಕಿದರೆ ತಗಡುಗಳು ಒಂದೊಂದು ಕಡೆ ಒಂದೊಂದು ಬಗೆ ಹಿಗ್ಗಿ ಬಿರುಕು ಬಿಡುತ್ತವೆ. ಫೈರ್‌ಬಾಕ್ಸಿನ ನೆತ್ತಿಯಲ್ಲಿ ಸೀಸ ತುಂಬಿದ ಬಿರಟೆಯೊಂದಿರುತ್ತದೆ. ನೀರು ತೀರಾ ಇಳಿದರೆ ಸೀಸ ಕರಗಿ ಉಗಿ ಬೆಂಕಿಯ ಮೇಲೆ ನುಗ್ಗಿ, ಡ್ರೈವರ್‌ನನ್ನು ಎಚ್ಚರಿಸುತ್ತದೆ. ಅದು ಕರಗುವ ಸ್ಥಿತಿ ತಂದುಕೊಂಡ, ಬೆಂಕಿ ನೋಡಿಕೊಳ್ಳುವ ಫೈರ್‌ಮನ್ನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ನಮ್ಮ ದೇಶದ ಲೆಕ್ಕ

ಭಾರತದಲ್ಲಿ ರೈಲ್ವೆ ಸರ್ಕಾರದ್ದು. ಹಾಗಾಗಿ ಇಲ್ಲಿ ಹಳೆಯ ಎಂಜಿನ್‌ಗಳಿಗೆ ಜೀವ ಕೊಟ್ಟವರು ಬಹುಮಟ್ಟಿಗೆ ಇಲಾಖೆಯ ಕಾರ್ಖಾನೆಗಳ ಕೆಲಸಗಾರರೇ. ಅವರ ಬೆನ್ನಿಗೆ 1999ರಲ್ಲಿ ಹುಟ್ಟಿದ ಇಂಡಿಯನ್ ಸ್ಟೀಮ್ ರೈಲ್ವೆ ಸೊಸೈಟಿಯಂಥ ಆಸಕ್ತರ ಕೂಟಗಳು ನಿಂತಿವೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1855ರಲ್ಲಿ ತಯಾರಾದ ‘ಫೇರಿ ಕ್ವೀನ್’ 1909ರಲ್ಲಿ ನಿವೃತ್ತಿಯಾಗಿ, 1997ರಲ್ಲಿ ಮತ್ತೆ ದೆಹಲಿಯಿಂದ ಆಲ್ವಾರಿಗೆ ಪ್ರವಾಸಿಗರನ್ನು ಹೊತ್ತು ಓಡಿತು. ಮರುವರ್ಷ ಗಿನ್ನೆಸ್ ದಾಖಲೆಗೂ ಸೇರಿತು. ಮುಂದೆ ಕಳ್ಳರು ಅದರ ಬಿಡಿಭಾಗಗಳನ್ನೇ ಕದ್ದೊಯ್ದಾಗ ಚೆನ್ನೈನ ಪೆರಂಬೂರು ಕಾರ್ಖಾನೆಯವರು ಕಾಣೆಯಾದ ಭಾಗಗಳನ್ನು ಹೊಸದಾಗಿ ಮಾಡಿ ಕೂಡಿಸಬೇಕಾಯಿತು. ಹರಿಯಾಣದ ರೇವಾಡಿಯಲ್ಲಿ 1893ರ ಹಳೆಯ ಶೆಡ್ಡನ್ನು 2010ರಲ್ಲಿ ಪರಂಪರೆಯ ತಾಣವಾಗಿ ತೆರೆದರು. ಅಲ್ಲಿನ ‘ಅಕ್ಬರ್’ ಎಂಜಿನ್ನನ್ನು ಹಿಂದಿ ಸಿನಿಮಾ ನೋಡುವವರು ಹೆಸರು ಗೊತ್ತಿಲ್ಲದೆಯೇ ಕಂಡಿರುತ್ತಾರೆ.

ನಮ್ಮ ರಾಜ್ಯದ ಗಡಿಯಾಚೆಗಿನ ನೀಲಗಿರಿಯ ಉದಾಹರಣೆ ಇನ್ನೂ ದೊಡ್ಡದು. ಮೇಟ್ಟುಪಾಳ್ಯದಿಂದ ಊಟಿಗೆ ಹಲ್ಲುಹಳಿ ಹಿಡಿದು ಹತ್ತುವ ಎಕ್ಸ್ ದರ್ಜೆಯ ಎಂಜಿನ್‌ಗಳು ಮೂಲತಃ ಸ್ವಿಟ್ಜರ್‌ಲೆಂಡಿನವು. ಅವು ಮುಪ್ಪಾದಾಗ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆ ದುರಸ್ತಿಗಷ್ಟೇ ನಿಲ್ಲದೆ, 2010ರ ದಶಕದ ಆರಂಭದಲ್ಲಿ ಅದೇ ದರ್ಜೆಯ ಹೊಸ ಎಂಜಿನ್‌ಗಳನ್ನೇ ಕಟ್ಟಿತು. ಚಿತ್ತರಂಜನ್ ಕಾರ್ಖಾನೆಯಿಂದ ಕೊನೆಯ ಬ್ರಾಡ್‌ಗೇಜ್ ಉಗಿಬಂಡಿ ‘ಅಂತಿಮ್ ಸಿತಾರಾ’ 1970ರಲ್ಲಿ ಹೊರಬಂದು ನಾಲ್ಕು ದಶಕ ಕಳೆದ ಮೇಲೂ ಇದು ಸಾಧ್ಯವಾದದ್ದಕ್ಕೆ ಕಾರಣ ಸರಳ: ಬೆಟ್ಟದ ಗಾಡಿ ನಿಂತಿರಲಿಲ್ಲ, ಆದ್ದರಿಂದ ಅದನ್ನು ರಿಪೇರಿ ಮಾಡುವ ಕೈಗಳೂ ನಿಂತಿರಲಿಲ್ಲ.

ಕರ್ನಾಟಕದಲ್ಲಿ ಮೈಸೂರಿನ ರೈಲು ಸಂಗ್ರಹಾಲಯ 1979ರಿಂದ ಇದೆ, ಹುಬ್ಬಳ್ಳಿಯದು 2020ರಲ್ಲಿ ತೆರೆಯಿತು. ಎಂಜಿನ್ ಹತ್ತಿ ನೋಡಲು ಮಕ್ಕಳನ್ನು ಕರೆದೊಯ್ಯಬೇಕಾದ ಜಾಗಗಳವು. ಯಲಹಂಕದಿಂದ ಬಂಗಾರಪೇಟೆಗೆ ಇದ್ದ ನ್ಯಾರೋಗೇಜ್, ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡು ಹಾದು ಹೋಗುತ್ತಿದ್ದ ಎರಡಡಿ ಹಳಿ ಎರಡೂ ಈಗ ನೆನಪು. ಒಂದು ಟಾಲಿಲಿನ್ ಆಗಬಹುದಾಗಿದ್ದ ಮಾರ್ಗಗಳವು. ಯಲಹಂಕದ ಆ ನ್ಯಾರೋಗೇಜ್ ದಾರಿಯ ನಂದಿ ಹಾಲ್ಟ್‌ನ ಹಳೆಯ ನಿಲ್ದಾಣದ ಕಟ್ಟಡವನ್ನು ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಮುಂದೆ ನಿಂತು ದುರಸ್ತಿ ಮಾಡಿಸಿದೆ. ಕಟ್ಟಡ ಉಳಿದದ್ದು ಸಂತೋಷ. ಅಲ್ಲಿ ಓಡುತ್ತಿದ್ದ ಎಂಜಿನ್ನಿನ ಬೇರಿಂಗ್ ಹೆರೆಯಬಲ್ಲವರು ಮಾತ್ರ ಹೆಚ್ಚು ಉಳಿದಿಲ್ಲ.

ಬೀದರಿಗೆ ಇದು ಹೊಸದಲ್ಲ

ಬಳಕೆ ತಪ್ಪಿದ್ದನ್ನು ಮತ್ತೆ ಬಳಕೆಗೆ ತರುವ ಕೆಲಸ ಬೀದರಿನವರಿಗೆ ಗೊತ್ತಿಲ್ಲದ್ದೇನಲ್ಲ. ನೌಬಾದಿನಲ್ಲಿ ಜಂಬಿಟ್ಟಿಗೆ ಕಲ್ಲು ಕೊರೆದು ಮಾಡಿದ ಬಹಮನಿ ಕಾಲದ ಕರೇಜ್, ಅಂದರೆ ಸುರಂಗ ಬಾವಿ, ಹೂಳು ತುಂಬಿ ಜನರ ನೆನಪಿನಿಂದಲೇ ಜಾರಿತ್ತು. ಕಳೆದ ದಶಕದಲ್ಲಿ ಸಂಶೋಧಕರು, ಜಿಲ್ಲಾಡಳಿತ, ಊರಿನ ಯುವಕರು ಸೇರಿ ಅದರ ಹೂಳು ತೆಗೆಸಿದಾಗ ಒಳಗೆ ನೀರು ಕಂಡಿತು. ಬಿದರಿ ಕಲೆ ಕೂಡ ಉಳಿದದ್ದು ಗಾಜಿನ ಪೆಟ್ಟಿಗೆಯ ಹೂಜಿಗಳಿಂದಲ್ಲ, ಸತು–ತಾಮ್ರ ಎರಕ ಹೊಯ್ದು, ಬೆಳ್ಳಿ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ತರಿಸುವುದನ್ನು ಮಗನಿಗೋ ಶಿಷ್ಯನಿಗೋ ಕಲಿಸಿದ ಮನೆಗಳಿಂದ. 2023ರಲ್ಲಿ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಬಂದ ಪದ್ಮಶ್ರೀ ಆ ಕೈಕೆಲಸಕ್ಕೆ ಸಂದ ಗೌರವ.

ಉಗಿಬಂಡಿಯ ವಿಷಯದಲ್ಲಿ ಹೊತ್ತು ಬಹಳ ಉಳಿದಿಲ್ಲ. ಕೊನೆಯ ವರ್ಷಗಳಲ್ಲಿ ಇಪ್ಪತ್ತರ ಹರೆಯದಲ್ಲಿ ಕಲ್ಲಿದ್ದಲು ಎತ್ತಿದ ಫೈರ್‌ಮನ್‌ಗಳಿಗೆ ಈಗ ಐವತ್ತು ದಾಟಿದೆ. ಅವರಿಗೆ ಕಲಿಸಿದ ಫಿಟ್ಟರ್‌ಗಳು ಎಂಬತ್ತರ ಆಚೆಗಿದ್ದಾರೆ. ವಾಡಿ, ವಿಕಾರಾಬಾದ್, ಸಿಕಂದರಾಬಾದ್ ಕಡೆ ರೈಲ್ವೆಯಲ್ಲಿ ದುಡಿದು ನಿವೃತ್ತರಾಗಿ ನಮ್ಮ ಊರುಗಳಲ್ಲೇ ನೆಲೆಸಿದವರನ್ನು ಹುಡುಕಿ, ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವುದಕ್ಕೆ ಎಂಜಿನ್ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಬೀದರ್ ಮತ್ತು ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು, ಔರಾದಿನ ಐಟಿಐ ಕಲಿತವರು ರಜೆಯಲ್ಲಿ ಮಾಡಬಹುದಾದ ಕೆಲಸ. ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್ ಕೈಕೊಟ್ಟರೆ ಏನು ಮಾಡುತ್ತಿದ್ದಿರಿ, ಏರಿನಲ್ಲಿ ಬೆಂಕಿ ಹೇಗೆ ಹಿಡಿಯುತ್ತಿದ್ದಿರಿ, ಗಡುಸು ನೀರಿನ ಊರಲ್ಲಿ ಬಾಯ್ಲರ್ ತೊಳೆಯಲು ಎಷ್ಟು ದಿನಕ್ಕೊಮ್ಮೆ ಇಳಿಯುತ್ತಿದ್ದಿರಿ ಎಂದು ಕೇಳಿದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.

ಟಾಲಿಲಿನ್ ಉಳಿಸಿದವರೂ ಮೊದಲ ದಿನವೇ ಸ್ಪ್ಯಾನರ್ ಹಿಡಿಯಲಿಲ್ಲ. ಒಂದು ಸಂಜೆ ಕುರ್ಚಿ ಹಾಕಿ ಕೂತು, ಯಾರ್‍ಯಾರಿಗೆ ಏನೇನು ಗೊತ್ತಿದೆ ಎಂದು ಲೆಕ್ಕ ಹಾಕಿದರು. ಅಂಥ ಸಭೆಯೊಂದನ್ನು ಬೀದರಿನಲ್ಲಿ ಕರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.