ಗೋಧಿ ಬಿಟ್ಟರೂ ಇಳಿಯದ ಹೊಟ್ಟೆಉಬ್ಬರ

“ಚಪಾತಿ ಬಿಟ್ಟೆ, ಬ್ರೆಡ್ ಬಿಟ್ಟೆ, ಜಿಮ್ಮಿಗೂ ತಪ್ಪದೆ ಹೋಗ್ತೀನಿ. ಆದರೂ ರೆಸ್ಟ್ ಡೇ ಬಂತು ಅಂದ್ರೆ ಹೊಟ್ಟೆ ಉಬ್ಬಿಕೊಂಡು ಪ್ಯಾಂಟಿನ ಗುಂಡಿ ಹಾಕೋಕಾಗಲ್ಲ.” ನಗರದಲ್ಲಿ ಇಂಥ ಮಾತು ಈಗ ಹೊಸದೇನಲ್ಲ. ಹೀಗೆ ಹೇಳುವವರ ಅನುಮಾನ ಮತ್ತೆ ಗೋಧಿಯ ಮೇಲೆಯೇ ಹೋಗುತ್ತದೆ: ಎಲ್ಲೋ ಕಣ್ತಪ್ಪಿ ಒಳಗೆ ಸೇರಿರಬೇಕು! ಸೇರುವುದೂ ಉಂಟು. ಅಂಗಡಿಯ ಹಿಂಗಿನ ಡಬ್ಬಿಯಲ್ಲಿ ಅನೇಕ ವೇಳೆ ಗೋಧಿ ಹಿಟ್ಟು ಬೆರೆತಿರುತ್ತದೆ, ರಾಗಿ ಬಿಸ್ಕತ್ತಿನಲ್ಲಿ ರಾಗಿಗಿಂತ ಮೈದಾವೇ ಹೆಚ್ಚಿರಬಹುದು, ಮಾಲ್ಟ್ ಪಾನೀಯದಲ್ಲಿ ಬಾರ್ಲಿ ಇರುತ್ತದೆ. ರವೆ ಇಡ್ಲಿ, ಉಪ್ಪಿಟ್ಟುಗಳು ಗೋಧಿಯವೇ ಎಂಬುದನ್ನು ಮರೆಯುವವರೂ ಇದ್ದಾರೆ. ಆದರೆ ವಾರವೆಲ್ಲ ಸುಮ್ಮನಿದ್ದ ಹೊಟ್ಟೆ ವಿಶ್ರಾಂತಿಯ ದಿನವೇ ತಕರಾರು ತೆಗೆಯುತ್ತದೆ ಎಂದರೆ, ಗೋಧಿಯನ್ನು ಹಿಡಿದು ವಿಚಾರಿಸುವ ಮೊದಲು ಆ ದಿನದ ದಿನಚರಿಯನ್ನು ನೋಡಬೇಕು.

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ನಿಜಕ್ಕೂ ಆಗದಿರುವುದು ಸೀಲಿಯಾಕ್ ಕಾಯಿಲೆ ಇರುವವರಿಗೆ. ಅವರ ದೇಹದ ರಕ್ಷಣಾ ವ್ಯವಸ್ಥೆ ಗ್ಲುಟನ್ನಿಗೆ ಕೆರಳಿ ಸಣ್ಣ ಕರುಳಿನ ಒಳಪದರವನ್ನೇ ಸವೆಸಿಬಿಡುತ್ತದೆ. ಡಚ್ ಮಕ್ಕಳ ವೈದ್ಯ ವಿಲಂ ಡಿಕೆಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು. 1944–45ರ ಯುದ್ಧಕಾಲದ ಬರಗಾಲದಲ್ಲಿ ಬ್ರೆಡ್ ಸಿಗದೆ ಹೋದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದು ಅದನ್ನು ಗಟ್ಟಿ ಮಾಡಿತು. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಮಂಡಿಸಿದರು. ಭಾರತದ ಮೂರು ಭಾಗಗಳ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರದಲ್ಲಿ ನೂರಕ್ಕೆ ಸುಮಾರು 1.2 ಮಂದಿಗೆ ಈ ಕಾಯಿಲೆ ಕಂಡುಬಂದರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಿಗೆ. ಅನ್ನ, ರಾಗಿ, ಜೋಳದ ನಾಡಿನಲ್ಲಿ ಇದು ಅಪರೂಪದ ಕಾಯಿಲೆ.

ಉಳಿದವರು ಗೋಧಿ ಬಿಟ್ಟಾಗ ಹಗುರಾಗುವುದು ಸುಳ್ಳೇ? ಅಲ್ಲ, ಆದರೆ ಕಾರಣ ಬೇರೆ ಇರಬಹುದು. ನಾರ್ವೆಯ ಆಸ್ಲೋದಲ್ಲಿ ತಾವಾಗಿಯೇ ಗ್ಲುಟನ್ ಬಿಟ್ಟಿದ್ದ, ಸೀಲಿಯಾಕ್ ಇಲ್ಲದ 59 ಜನರಿಗೆ ನೋಡಲು, ತಿನ್ನಲು ಒಂದೇ ಥರದ ಮ್ಯೂಸ್ಲಿ ಬಾರ್‌ಗಳನ್ನು ಕೊಟ್ಟರು. ಒಂದು ವಾರದ ಬಾರ್‌ನಲ್ಲಿ ಗ್ಲುಟನ್, ಇನ್ನೊಂದು ವಾರದ್ದರಲ್ಲಿ ಫ್ರಕ್ಟಾನ್, ಮತ್ತೊಂದು ವಾರದ್ದರಲ್ಲಿ ಎರಡೂ ಇಲ್ಲ. ಯಾವುದು ಯಾವುದೆಂದು ತಿನ್ನುವವರಿಗೆ ಗೊತ್ತಿರಲಿಲ್ಲ. 2018ರಲ್ಲಿ ಬಂದ ಫಲಿತಾಂಶದಲ್ಲಿ ಉಬ್ಬರ ಹೆಚ್ಚಿಸಿದ್ದು ಫ್ರಕ್ಟಾನ್. ಗ್ಲುಟನ್ ಬಾರ್ ಖಾಲಿ ಬಾರ್‌ಗಿಂತ ಹೆಚ್ಚು ತೊಂದರೆ ಕೊಡಲಿಲ್ಲ. ಫ್ರಕ್ಟಾನ್ ಗೋಧಿಯಲ್ಲಿರುವ ಒಂದು ಬಗೆಯ ಸಕ್ಕರೆಯ ಸರಪಳಿ. ಅದನ್ನು ಅರಗಿಸುವ ಕಿಣ್ವ ಮನುಷ್ಯನಿಗಿಲ್ಲ, ಹಾಗಾಗಿ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಗ್ಯಾಸ್ ಮಾಡುತ್ತವೆ. ಈರುಳ್ಳಿ, ಬೆಳ್ಳುಳ್ಳಿಗಳಲ್ಲೂ ಅದು ಧಾರಾಳ. ಚಪಾತಿ ಬಿಟ್ಟು ಈರುಳ್ಳಿ ಹುಳಿಯನ್ನು ಸುರಿದುಕೊಂಡು ತಿಂದರೆ ಹೊಟ್ಟೆಗೆ ಉಳಿತಾಯವೇನಿಲ್ಲ.

ಜಿಮ್ಮಿನವರ ಚೀಲದಲ್ಲಿ ಇನ್ನೂ ಕೆಲವು ಆರೋಪಿಗಳಿವೆ. ‘ಗ್ಲುಟನ್ ಫ್ರೀ’ ಎಂದು ದೊಡ್ಡಕ್ಷರದಲ್ಲಿ ಬರೆದ ಎಷ್ಟೋ ಪ್ರೋಟೀನ್ ಬಾರ್‌ಗಳಲ್ಲಿ ಇನುಲಿನ್ ಇರುತ್ತದೆ. ನಮ್ಮ ಫಿಲ್ಟರ್ ಕಾಫಿಗೆ ಬೆರೆಸುವ ಅದೇ ಚಿಕೋರಿ ಬೇರಿನಿಂದ ತೆಗೆದ ಈ ನಾರು ಕೂಡ ಫ್ರಕ್ಟಾನೇ. ಸಕ್ಕರೆ ಬದಲಿಗೆ ಹಾಕುವ ಸಾರ್ಬಿಟಾಲ್, ಮಾಲ್ಟಿಟಾಲ್‌ಗಳೂ ಹೊಟ್ಟೆಯನ್ನು ಊದಿಸಬಲ್ಲವು. ವೇ ಪ್ರೋಟೀನ್ ಪುಡಿಯಲ್ಲಿ ‘ಕಾನ್ಸಂಟ್ರೇಟ್’ ಎಂದಿದ್ದರೆ ಹಾಲಿನ ಲ್ಯಾಕ್ಟೋಸ್ ಉಳಿದಿರುತ್ತದೆ. ‘ಐಸೊಲೇಟ್’ನಲ್ಲಿ ಬಹಳ ಕಡಿಮೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರು ಡಬ್ಬಿಯ ಆ ಒಂದು ಪದ ನೋಡಿಕೊಂಡರೆ ಸಾಕು.

ಗ್ಲುಟನ್ ಬಿಟ್ಟರೆ ಆಟ ಸುಧಾರಿಸುತ್ತದೆ ಎಂಬ ನಂಬಿಕೆಗೆ ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್ ದೊಡ್ಡ ಕಾರಣ. ಪಿಜ್ಜಾ ಅಂಗಡಿ ನಡೆಸುತ್ತಿದ್ದ ದಂಪತಿಯ ಈ ಮಗ ಗ್ಲುಟನ್ ಬಿಟ್ಟ ಮೇಲೆ 2011ರಲ್ಲಿ ಮೂರು ಗ್ರ್ಯಾಂಡ್ ಸ್ಲಾಂ ಗೆದ್ದರು. ಒಬ್ಬರ ಅನುಭವ ಅದು. ಸೀಲಿಯಾಕ್ ಇಲ್ಲದ 13 ಸೈಕಲ್ ಸ್ಪರ್ಧಿಗಳ ಮೇಲೆ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಸಂಶೋಧಕರು ಪರೀಕ್ಷೆ ನಡೆಸಿ 2015ರಲ್ಲಿ ಪ್ರಕಟಿಸಿದಾಗ, ಗ್ಲುಟನ್ ಇದ್ದ ವಾರಕ್ಕೂ ಇಲ್ಲದ ವಾರಕ್ಕೂ ಸಾಮರ್ಥ್ಯದಲ್ಲಾಗಲಿ ಹೊಟ್ಟೆಯ ತೊಂದರೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ಈಗ ರೆಸ್ಟ್ ಡೇಗೆ ಬರೋಣ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಪೇನಿನ ಬಾರ್ಸಿಲೋನಾದಲ್ಲಿ ನಡೆದ, ಕೇಳಲು ತುಸು ಮುಜುಗರದ ಪ್ರಯೋಗಗಳು. ಬಾಯಿಂದ ಸಣ್ಣ ಕರುಳಿನವರೆಗೆ ತೆಳು ಕೊಳವೆ ಇಳಿಸಿ, ಒಂದೇ ಸಮನೆ ಗ್ಯಾಸ್ ಹರಿಸುತ್ತಾರೆ. ಹೊರಬಿದ್ದದ್ದೆಷ್ಟು, ಒಳಗುಳಿದದ್ದೆಷ್ಟು, ಹೊಟ್ಟೆಯ ಸುತ್ತಳತೆ ಎಷ್ಟು ಹಿಗ್ಗಿತು ಎಂದು ಅಳೆಯುತ್ತಾರೆ. ಮಲಗಿದವರಿಗಿಂತ ನೆಟ್ಟಗಿದ್ದವರಲ್ಲಿ ಗ್ಯಾಸ್ ಬೇಗ ಸಾಗಿತು. ನಡುನಡುವೆ ಸೈಕಲ್ ಪೆಡಲ್ ತುಳಿದಾಗ ಒಳಗುಳಿಯುವ ಗ್ಯಾಸ್ ಇನ್ನೂ ಕಡಿಮೆಯಾಯಿತು. 2004ರಲ್ಲಿ ಆರೋಗ್ಯವಂತರಲ್ಲಿ ಕಂಡದ್ದು 2006ರಲ್ಲಿ ಹೊಟ್ಟೆಉಬ್ಬರದಿಂದ ನರಳುವವರಲ್ಲೂ ಕಂಡಿತು. ತುಳಿದದ್ದು ಬೆವರಿಳಿಸುವ ತುಳಿತವಲ್ಲ, ಹಗುರವಾದದ್ದು.

ರಜೆಯ ದಿನ ನಾವು ಮಾಡುವುದೇನು? ತಡವಾಗಿ ಏಳುತ್ತೇವೆ, ಹನ್ನೊಂದಕ್ಕೆ ಹೊಟ್ಟೆ ಬಿರಿಯೆ ತಿಂಡಿ, ಎರಡು ಗಂಟೆಗೆ ಕಾಳು ಹುಳಿ ಅನ್ನ, ಆಮೇಲೆ ಸೋಫಾದ ಮೇಲೆ ಮೊಬೈಲು. ತಿಂದದ್ದು ಎಂದಿಗಿಂತ ಹೆಚ್ಚು, ಅಲ್ಲಾಡಿದ್ದು ಎಂದಿಗಿಂತ ಕಡಿಮೆ. ಆಗುವ ಗ್ಯಾಸ್ ಸಾಗಬೇಕಾದ ಹೊತ್ತಿನಲ್ಲಿ ಮಲಗಿರುತ್ತೇವೆ. ಸ್ನಾಯುಗಳಿಗೆ ಬಿಡುವು ಬೇಕು, ನಿಜ. ಆದರೆ ಅದಕ್ಕಾಗಿ ಇಡೀ ದಿನ ಒರಗಿರಬೇಕಿಲ್ಲ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ಅಡ್ಡಾಡಿದರೆ ವಿಶ್ರಾಂತಿ ಕೆಡುವುದಿಲ್ಲ.

ಅಂದು ತಕ್ಕಡಿ ಹತ್ತಿ ಬೆಚ್ಚಿಬೀಳುವವರಿಗೂ ಒಂದು ಮಾತು. ವ್ಯಾಯಾಮದಲ್ಲಿ ಬರಿದಾದ ಸ್ನಾಯುಗಳು ಪಿಷ್ಟವನ್ನು ಗ್ಲೈಕೋಜನ್ ಆಗಿ ತುಂಬಿಕೊಳ್ಳುವಾಗ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ತೂಕ ಏರಿದ್ದು ಅದರಿಂದ. ಅದು ಕೊಬ್ಬೂ ಅಲ್ಲ, ಗ್ಯಾಸೂ ಅಲ್ಲ.

ಕಠಿಣ ವ್ಯಾಯಾಮದ ಕಥೆ ಬೇರೆ. ಜೋರಾಗಿ ಓಡುವಾಗ ರಕ್ತ ಕಾಲಿನ ಸ್ನಾಯುಗಳ ಕಡೆ ತಿರುಗಿ ಕರುಳಿಗೆ ಹೋಗುವುದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಅದರ ಹಿಂದೆಯೇ ಗಟಗಟನೆ ಪ್ರೋಟೀನ್ ಶೇಕ್ ಕುಡಿದರೆ ಗಾಳಿಯೂ ಒಳಗೆ ಹೋಗುತ್ತದೆ, ಕರುಳಿಗೂ ಕಷ್ಟ. ತುಸು ತಡೆದು ಗುಟುಕು ಗುಟುಕಾಗಿ ಕುಡಿಯುವುದು ಮೇಲು. ಗೋಧಿ ಬಿಟ್ಟ ಹುರುಪಿನಲ್ಲಿ ಒಮ್ಮೆಲೇ ಮೂರು ಹೊತ್ತೂ ಸಿರಿಧಾನ್ಯ, ಕಾಳು ಎಂದು ಹೊರಟವರೂ ಉಬ್ಬುತ್ತಾರೆ; ನಾರನ್ನು ವಾರಗಳಲ್ಲಿ ಏರಿಸಬೇಕು, ದಿನಗಳಲ್ಲಲ್ಲ. ಕಡಲೆ, ಅಲಸಂದೆ ಕಾಳುಗಳನ್ನು ರಾತ್ರಿ ನೆನೆಹಾಕಿ ಆ ನೀರನ್ನು ಚೆಲ್ಲಿ ಬೇಯಿಸಿದರೆ ಗ್ಯಾಸ್ ಮಾಡುವ ಸಕ್ಕರೆಗಳು ಒಂದಷ್ಟು ನೀರಿನೊಂದಿಗೇ ಹೋಗುತ್ತವೆ.

ಗೋಧಿಯನ್ನು ಇನ್ನೂ ಬಿಟ್ಟಿಲ್ಲದವರು ಬಿಡುವ ಮೊದಲೇ ಸೀಲಿಯಾಕ್‌ನ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಪರೀಕ್ಷೆ ಹುಡುಕುವುದು ಗ್ಲುಟನ್ನಿಗೆ ಕೆರಳಿದ ದೇಹ ಹುಟ್ಟಿಸುವ ಪ್ರತಿಕಾಯಗಳನ್ನು. ಗ್ಲುಟನ್ ನಿಲ್ಲಿಸಿದರೆ ಅವು ಇಳಿಯುತ್ತ ಹೋಗಿ, ಕಾಯಿಲೆ ಇದ್ದರೂ ‘ಇಲ್ಲ’ ಎಂಬ ವರದಿ ಬರಬಹುದು. ಈಗಾಗಲೇ ಬಿಟ್ಟವರು ವೈದ್ಯರ ಸಲಹೆಯಂತೆ ಕೆಲವು ವಾರ ಮತ್ತೆ ಗೋಧಿ ತಿಂದು ಪರೀಕ್ಷೆಗೆ ಹೋಗಬೇಕಾಗುತ್ತದೆ. ಉಬ್ಬರದ ಜೊತೆಗೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಕ್ತಹೀನತೆ ಇದ್ದರೆ, ಅಥವಾ ಐವತ್ತು ದಾಟಿದ ಹೆಂಗಸರಿಗೆ ಹೊಸದಾಗಿ ಶುರುವಾದ ಉಬ್ಬರ ವಾರಗಟ್ಟಲೆ ಇಳಿಯದಿದ್ದರೆ, ಊಟ ಬದಲಿಸಿ ನೋಡುತ್ತ ಕೂರದೆ ನೇರ ವೈದ್ಯರ ಬಳಿಗೆ ಹೋಗಬೇಕು.